ಬಿಲ್ಲಿನಲ್ಲಿ ಬದಲಾದ ಆಯಿಲ್ ಜೀಪಿನಲ್ಲಿ ಬದಲಾಗಿಲ್ಲ

ಶಿವಮೊಗ್ಗದ ವರ್ಕ್‌ಶಾಪ್ ಒಂದು ನನ್ನ ಫೋರ್ ವೀಲ್ ಡ್ರೈವ್ ಜೀಪಿನ ಸರ್ವಿಸ್ ಬಿಲ್ಲಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಗಾಲಿಗಳಿಗೆ ಹಂಚುವ ಗೇರಿನ ಪೆಟ್ಟಿಗೆ) ಆಯಿಲ್ ಬದಲಾಯಿಸಿದ್ದಾಗಿ ನಮೂದಿಸಿ, ಆಯಿಲಿಗೂ ಕೂಲಿಗೂ ಪ್ರತ್ಯೇಕವಾಗಿ ಹಣ ಪಡೆದಿದೆ. ಆದರೆ ಊರಿಗೆ ಬಂದು ಜೀಪಿನಡಿ ಮಲಗಿ ನೋಡಿದರೆ ಹಳೆ ಆಯಿಲ್ ಬಸಿಯುವ ಡ್ರೈನ್ ಪ್ಲಗ್ಗಿನ ಸುತ್ತ ಕಳೆದ ಮಳೆಗಾಲದ ಕೆಮ್ಮಣ್ಣು ಹಾಗೆಯೇ ಗಟ್ಟಿಯಾಗಿ ಕೂತಿತ್ತು. ಪಾನಾ ಹಾಕಿ ತಿರುಗಿಸಿದ ಗುರುತಾಗಲಿ, ಒರೆಸಿದ ಬಟ್ಟೆಯ ಜಾಡಾಗಲಿ, ಹೊಸ ವಾಷರಿನ ಹೊಳಪಾಗಲಿ ಎಲ್ಲೂ ಇರಲಿಲ್ಲ. ಮೇಲೆ ಹೊಸ ಆಯಿಲ್ ತುಂಬುವ ಫಿಲ್ಲರ್ ಪ್ಲಗ್ಗಿನ ಅಂಚಿನಲ್ಲಿದ್ದ ತುಕ್ಕು ಕೂಡ ಕದಲಿರಲಿಲ್ಲ. ಮುಟ್ಟದೇ ಇದ್ದ ಕೆಲಸಕ್ಕೆ ಹಣ ಎಣಿಸಿಕೊಳ್ಳಲು ಇವರಿಗೆ ಮನಸ್ಸಾದರೂ ಹೇಗೆ ಬಂತು?

ಫೋನ್ ಮಾಡಿ ಕೇಳಿದಾಗ ಮೊದಲು ಬಂದ ಉತ್ತರ, ‘ಹಾಕಿದ್ದೇವೆ ಸಾರ್’ ಎಂಬುದು. ಯಾವ ಆಯಿಲ್ ಹಾಕಿದಿರಿ ಎಂದರೆ, ‘ಗೇರ್ ಆಯಿಲ್ ಸಾರ್, ಎಲ್ಲಾ ಒಂದೇ.’ ಎಲ್ಲವೂ ಒಂದೇ ಅಲ್ಲ. ಕೆಲವು ವಾಹನಗಳ ಟ್ರಾನ್ಸ್‌ಫರ್ ಕೇಸಿಗೆ ಗೇರ್ ಆಯಿಲ್ ಹಾಕಬೇಕು, ಇನ್ನು ಕೆಲವಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಆಯಿಲೇ ಆಗಬೇಕು. ಯಾವುದು, ಎಷ್ಟು ಎಂಬುದನ್ನು ಗಾಡಿಯೊಂದಿಗೆ ಬರುವ ಪುಸ್ತಕದಲ್ಲಿ ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಗೇರ್ ಆಯಿಲಿನಲ್ಲೂ ಜಿಎಲ್-4, ಜಿಎಲ್-5 ಎಂಬ ಭೇದವಿದ್ದು, ಹಿತ್ತಾಳೆಯ ಭಾಗಗಳಿರುವ ಕಡೆ ಜಿಎಲ್-4 ಬದಲು ಸಿಕ್ಕಿದ ಜಿಎಲ್-5 ಸುರಿದರೆ ಅದರಲ್ಲಿನ ಗಂಧಕದ ಅಂಶ ಆ ಲೋಹವನ್ನು ತಿನ್ನುವ ಅಪಾಯವಿದೆ.

ತೀರ್ಥಹಳ್ಳಿ, ಹೊಸನಗರದ ಒಳಗಿನ ಊರುಗಳಲ್ಲಿ ತೋಟ ಇರುವವರಿಗೆ ಈ ಜೀಪು ಶೋಕಿಯದಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮೈಲುತುತ್ತ, ಸುಣ್ಣ ಹೇರಿಕೊಂಡು ಜಾರುವ ಧರೆಯ ದಾರಿ ಹತ್ತುವಾಗ ಎಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗಳಿಗೂ ಹಂಚುವುದು ಈ ಟ್ರಾನ್ಸ್‌ಫರ್ ಕೇಸೇ. ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಲೋ ರೇಂಜಿಗೆ ಹಾಕಿದಾಗ ಅದರೊಳಗಿನ ಗೇರು, ಚೈನು, ಬೇರಿಂಗುಗಳ ಮೇಲೆ ಬೀಳುವ ಭಾರವೂ ಅಷ್ಟೇ ಹೆಚ್ಚು. ಇದರ ಜೊತೆಗೆ ನಮ್ಮಲ್ಲಿ ಹಳ್ಳ ದಾಟುವ ಕೆಲಸ ಬೇರೆ. ಬಿಸಿಯಾದ ಕೇಸು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕೇಸಿಗೆ ಗಾಳಿಯಾಡುವ ಬ್ರೀದರ್ ಪೈಪು ಅಥವಾ ಆಯಿಲ್ ಸೀಲು ಸರಿಯಿಲ್ಲದಿದ್ದರೆ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಊರಿನ ಮೇಸ್ತ್ರಿಯವರು ಕೊನೆಗೆ ಪ್ಲಗ್ ಬಿಚ್ಚಿದಾಗ ಡಬ್ಬಿಗೆ ಇಳಿದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ, ಅಂದರೆ ನೀರು ಬೆರೆತ ಆಯಿಲ್. ಆ ನೀರಿನ ಮೇಲೆಯೇ ಇನ್ನೊಂದು ಮಳೆಗಾಲ ಓಡಿಸಿದ್ದರೆ ಬೇರಿಂಗು ತುಕ್ಕು ಹಿಡಿದು, ಯಾವುದೋ ಘಟ್ಟದ ತಿರುವಿನಲ್ಲಿ ಮನೆಯವರನ್ನು ಕೂರಿಸಿಕೊಂಡೇ ನಿಲ್ಲಬೇಕಾಗುತ್ತಿತ್ತು.

ಮೇಸ್ತ್ರಿಯವರು ಮಾಡಿದ್ದು ಮಹಾ ವಿದ್ಯೆಯೇನಲ್ಲ. ಸ್ವಲ್ಪ ಓಡಿಸಿ ಬೆಚ್ಚಗಾದ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿದರು. ಮೊದಲು ಫಿಲ್ಲರ್ ಪ್ಲಗ್ ಸಡಿಲಿಸಿದರು, ಏಕೆಂದರೆ ಹಳೆಯದನ್ನು ಬಸಿದ ಮೇಲೆ ಅದು ಬಿಚ್ಚಿಕೊಳ್ಳದಿದ್ದರೆ ಹೊಸದನ್ನು ತುಂಬಲು ದಾರಿಯೇ ಇರುವುದಿಲ್ಲ. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ್ದ ಕಬ್ಬಿಣದ ಹುಡಿಯನ್ನು ನನಗೆ ತೋರಿಸಿ ಒರೆಸಿದರು. ಬ್ರೀದರ್ ಸ್ವಚ್ಛ ಮಾಡಿದರು. ಹೊಸ ಆಯಿಲ್ ಫಿಲ್ಲರ್ ತೂತಿನ ಅಂಚಿಗೆ ಬಂದು ಹನಿಯತೊಡಗಿದ ಮೇಲೆ ಮುಚ್ಚಿದರು. ನೀರಿನ ಅಂಶ ಉಳಿದಿರಬಹುದಾದ್ದರಿಂದ ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಾಯಿಸಲು ಹೇಳಿ ಕಳಿಸಿದರು. ದೊಡ್ಡ ಲಿಫ್ಟು, ಹವಾನಿಯಂತ್ರಿತ ಕೋಣೆ, ಕಂಪ್ಯೂಟರ್ ಬಿಲ್ಲು ಎಲ್ಲವನ್ನೂ ಇಟ್ಟುಕೊಂಡವರು ಇಷ್ಟನ್ನು ಮಾಡಲಿಲ್ಲ.

ಆ ವರ್ಕ್‌ಶಾಪಿಗೆ ಬಿಲ್ಲಿನ ಪ್ರತಿ, ಮಣ್ಣು ಮೆತ್ತಿದ ಪ್ಲಗ್ಗಿನ ಫೋಟೋ ಎರಡನ್ನೂ ಕಳುಹಿಸಿ ಹಣ ವಾಪಸು ಕೇಳಿದ್ದೇನೆ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ನೀವೂ ಗಾಡಿಯನ್ನು ಸರ್ವಿಸಿಗೆ ಬಿಡುವಾಗ ಟ್ರಾನ್ಸ್‌ಫರ್ ಕೇಸಿನ ಹಳೆ ಆಯಿಲನ್ನು ನಿಮ್ಮೆದುರೇ ಬಸಿಯಲು ಹೇಳಿ. ಒಳಗೆ ಬಿಡುವುದಿಲ್ಲ ಎಂದರೆ, ಬಸಿದದ್ದನ್ನು ಡಬ್ಬಿಯಲ್ಲಿ ತೋರಿಸುವವರೆಗೆ ಬಿಲ್ಲು ಕಟ್ಟಬೇಡಿ.