ಅತ್ತೆಯ ಕೆಂಪು ಕೊಡೆ

ಕಾರ್ ರೇಸಿನಲ್ಲಿ ನನಗಿರುವ ಕೆಲಸ, ದಾರಿ ಗುರುತಿಗೆ ಇಟ್ಟ ಪ್ಲಾಸ್ಟಿಕ್ ಕೋನ್ ಬಿದ್ದರೆ ಎತ್ತಿ ನಿಲ್ಲಿಸುವುದು. ಸಂಬಳ ಇಲ್ಲ. ಬಿಸಿಲು, ಧೂಳು ಬೇಕಾದಷ್ಟು. ಮಧ್ಯಾಹ್ನ ಒಂದು ಪೊಟ್ಟಣ ಪಲಾವ್ ಕೊಡುತ್ತಾರೆ, ಅದೂ ಆರಿದ ಮೇಲೆ.

ಭತ್ತದ ಕೊಯ್ಲು ಮುಗಿದರೆ ಕೊಡಗಿನ ನಮ್ಮ ಗೋಣಿಕೊಪ್ಪ ಕಡೆ ಗದ್ದೆ ಖಾಲಿ. ನೆಲ ಸಮ ಮಾಡಿ ಕೋನ್ ಇಟ್ಟರೆ ಆಟೋಕ್ರಾಸ್ ಟ್ರ್ಯಾಕ್ ರೆಡಿ. ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ, ಕಡಿಮೆ ಸಮಯದಲ್ಲಿ ಸುತ್ತಿ ಬಂದವನು ಗೆದ್ದ. ಪ್ರತಿ ಕೋನಿನ ಬುಡಕ್ಕೆ ಸುಣ್ಣದಲ್ಲಿ ಗೆರೆ ಎಳೆದಿರುತ್ತೇವೆ. ಕಾರು ತಾಗಿ ಕೋನ್ ಆ ಗೆರೆಯಿಂದ ಆಚೆ ಹೋಯಿತೋ, ಸಮಯಕ್ಕೆ ದಂಡದ ಸೆಕೆಂಡುಗಳು ಸೇರುತ್ತವೆ. ತಾಗಿತು, ಇಲ್ಲ ಅಂತ ಹೇಳಬೇಕಾದವನು ನಾನು. ಜಾಗ ಅಳೆಯಲು ಬಂದ ಸರ್ವೇಯರ್‌ಗೆ ಎಷ್ಟು ಪ್ರೀತಿ ಸಿಗುತ್ತದೋ ನನಗೂ ಅಷ್ಟೇ.

ತೊಂದರೆ ಏನೆಂದರೆ ರೋಬಸ್ಟಾ ಕಾಫಿ ಹಣ್ಣಾಗುವುದೂ ಅದೇ ಹೊತ್ತಿಗೆ. 'ಇಲ್ಲಿ ಕಾಫಿ ಕುಯ್ಯೋಕೆ ಆಳಿಲ್ಲ, ಅಳಿಯಂದಿರು ಗದ್ದೆಯಲ್ಲಿ ಟೋಪಿ ಎತ್ತಿಡ್ತಾರೆ' ಅಂತ ಮಾವ ಊರೆಲ್ಲ ಹೇಳಿಕೊಂಡು ಬಂದರು. ಬೈಗುಳ ಕಡಿಮೆಯಾಗಲಿ ಅಂತ ಈ ಸಲ ಮನೆಯವರನ್ನೆಲ್ಲ ಕರೆದುಕೊಂಡೇ ಹೋದೆ. ಹೇಗೂ ಕುಟುಂಬ ಸಮೇತ ಮೈದಾನಕ್ಕೆ ಹೋಗೋದು ಇಲ್ಲಿಯವರಿಗೆ ಹೊಸದಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗಿನಿಂದ ಅಜ್ಜಿಯಂದಿರಿಗೂ ಪೆನಾಲ್ಟಿ ಕಾರ್ನರ್ ಗೊತ್ತು.

ಹೆಂಡತಿ ಸಮಯ ಬರೆದುಕೊಳ್ಳುವ ಮೇಜಿಗೆ ಕೂತಳು. ಮಗಳು ನನ್ನ ಜೊತೆ ಕೋನಿಗೆ. ಸ್ಪರ್ಧಿಗಳಲ್ಲಿ ನನ್ನ ಭಾಮೈದನೂ ಇದ್ದ. ಬೆಳಿಗ್ಗೆಯೇ ನನ್ನ ಮಗಳಿಗೆ ದೊಡ್ಡದೊಂದು ಚಾಕಲೇಟ್ ಕೊಟ್ಟು ಹೋಗಿದ್ದ, ಸುಮ್ನೆ ಅಂತೆ. ಮೊದಲ ತಿರುವಿನಲ್ಲೇ ಎರಡು ಕೋನ್ ಉರುಳಿಸಿದ. ಮಗಳು ಬಾಯಲ್ಲಿ ಅದೇ ಚಾಕಲೇಟ್ ಇಟ್ಟುಕೊಂಡು, ಎರಡು ಬೆರಳು ಎತ್ತಿ ಮೇಜಿನ ಕಡೆ ತೋರಿಸಿದಳು.

ಆಗಲೇ ಬಿಸಿಲು ಏರಿತ್ತು. ಕೊನೆಯ ತಿರುವಿನ ಹಗ್ಗದ ಆಚೆ ನಿಂತಿದ್ದ ಅತ್ತೆ ಚೀಲದಿಂದ ಕೊಡೆ ತೆಗೆದು ಪಟ್ ಅಂತ ಬಿಚ್ಚಿದರು. ಅಚ್ಚ ಕೆಂಪು. ರೇಸಿನಲ್ಲಿ ಕೆಂಪು ಬಾವುಟ ಅಂದರೆ ನಿಲ್ಲಿಸು ಅಂತ. ಭಾಮೈದ ಬ್ರೇಕ್ ಒತ್ತಿದ. ಕಾರು ಅರ್ಧ ಸುತ್ತು ತಿರುಗಿ, ಧೂಳೆಬ್ಬಿಸಿ ನಿಂತಿತು.

'ಏನಾಯ್ತವ್ವಾ?'

'ಏನಿಲ್ಲ, ಬಿಸಿಲು. ನೀನ್ಯಾಕೆ ನಿಲ್ಲಿಸಿದೆ?'

ನಿಲ್ಲಿಸುವ ಸೂಚನೆ ಕಂಡು ನಿಂತವನಿಗೆ ಇನ್ನೊಂದು ಓಟ ಕೊಡಬೇಕು, ಅದು ನಿಯಮ. ಎರಡು ಕೋನಿನ ದಂಡ ಹೋಯಿತು, ಹೊಸ ಓಟ ಬಂತು. ಉಳಿದ ಸ್ಪರ್ಧಿಗಳು ಸುಮ್ಮನಿರುತ್ತಾರಾ? ಮಗ ಓಡಿಸೋದು, ಅಮ್ಮ ಕೊಡೆ ಬಿಚ್ಚೋದು, ಅಕ್ಕ ಸಮಯ ಬರೆಯೋದು, ಭಾವ ಕೋನ್ ಎಣಿಸೋದು! ಇದು ರೇಸೋ, ಮನೆದೇವರ ಪೂಜೆಯೋ ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು ಅಲ್ವಾ? ಅತ್ತೆ ಮಾತ್ರ ಜಗ್ಗಲಿಲ್ಲ. 'ಬಿಸಿಲಿಗೆ ಕೊಡೆ ಹಿಡಿಯಬಾರದು ಅಂತ ಯಾವ ಪುಸ್ತಕದಲ್ಲಿದೆ, ತೋರಿಸಿ' ಅಂದರು. ಯಾವ ಪುಸ್ತಕದಲ್ಲೂ ಇರಲಿಲ್ಲ.

ಎರಡನೇ ಓಟದಲ್ಲಿ ಭಾಮೈದ ಮೂರು ಕೋನ್ ಉರುಳಿಸಿದ. ಗಲಾಟೆ ತಾನಾಗಿಯೇ ತಣ್ಣಗಾಯಿತು. ಮಗಳು ಮೂರು ಬೆರಳು ತೋರಿಸಿ, ಉಳಿದ ಚಾಕಲೇಟನ್ನು ಮಾಮನಿಗೆ ವಾಪಸ್ ಕೊಟ್ಟು ಬಂದಳು.

ಮುಂದಿನ ರೇಸಿನ ನಿಯಮಗಳ ಪಟ್ಟಿಯಲ್ಲಿ ಒಂದು ಸಾಲು ಜಾಸ್ತಿಯಾಗಿತ್ತು: ಪ್ರೇಕ್ಷಕರು ಕೆಂಪು ಕೊಡೆ ತರಬಾರದು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹೊಸ ಕೊಡೆ ಕೊಂಡು ಬಂದರು. ಹಳದಿ ಬಣ್ಣದ್ದು.

ಹಳದಿ ಬಾವುಟ ಅಂದರೆ ಮುಂದೆ ಅಪಾಯವಿದೆ ಅಂತ. 'ಮಗ ಓಡಿಸುವಾಗ ಅದು ಸರಿಯಾಗೇ ಇದೆ' ಅಂದಳು ಹೆಂಡತಿ.