ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಕುರಿತು ಸ್ಪಷ್ಟನೆ

ಬ್ರಿಟನ್ನಿನ ಮೊದಲ ಪಂಕ್ (ವೇಗದ, ಒರಟು ರಾಕ್ ಸಂಗೀತ) ಸಿಂಗಲ್ (ಒಂದು ಮುಖ್ಯ ಹಾಡಿನ ಪುಟ್ಟ ರೆಕಾರ್ಡ್) ಸೆಕ್ಸ್ ಪಿಸ್ಟಲ್ಸ್ ತಂಡದ ‘ಅನಾರ್ಕಿ ಇನ್ ದ ಯು.ಕೆ.’ ಎಂಬ ಮಾತು ಹರಿದಾಡುತ್ತಿದೆ, ಅದು ಸರಿಯಲ್ಲ. ಇಎಂಐ ಎಂಬ ರೆಕಾರ್ಡ್ ಸಂಸ್ಥೆ ಆ ಹಾಡನ್ನು ಹೊರತಂದದ್ದು 1976ರ ನವೆಂಬರ್ 26ರಂದು. ಅದಕ್ಕೆ ಐದು ವಾರ ಮೊದಲೇ, ಅಕ್ಟೋಬರ್ 22ರಂದು, ದ ಡ್ಯಾಮ್ಡ್ ತಂಡದ ‘ನ್ಯೂ ರೋಸ್’ ಅನ್ನು ಸ್ಟಿಫ್ ರೆಕಾರ್ಡ್ಸ್ ಎಂಬ ಪುಟ್ಟ ಸ್ವತಂತ್ರ ಸಂಸ್ಥೆ ಬಿಡುಗಡೆ ಮಾಡಿತ್ತು. ಗಿಟಾರ್ ವಾದಕ ಬ್ರಿಯಾನ್ ಜೇಮ್ಸ್ ಬರೆದ ಈ ಹಾಡು, ನಿಕ್ ಲೋ ಅವರ ನಿರ್ಮಾಣದಲ್ಲಿ, ಉತ್ತರ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿದ್ದ ಪಾತ್‌ವೇ ಎಂಬ ಇಕ್ಕಟ್ಟಾದ ಎಂಟು ಟ್ರ್ಯಾಕಿನ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡಿತು. ರೆಕಾರ್ಡಿನ ಹಿಂಬದಿಯಲ್ಲಿರುವುದು ಬೀಟಲ್ಸ್ ತಂಡದ ‘ಹೆಲ್ಪ್!’ ಹಾಡನ್ನು ಡ್ಯಾಮ್ಡ್ ತಂಡ ತಾನೇ ಹಾಡಿದ ಆವೃತ್ತಿ, ಅದೂ ಎರಡು ನಿಮಿಷದೊಳಗೆ ಮುಗಿದುಹೋಗುವ ಓಟದಲ್ಲಿ. ಗದ್ದಲದಲ್ಲಿ ಪಿಸ್ಟಲ್ಸ್ ಮುಂದಿದ್ದರು ಎಂಬುದನ್ನು ಒಪ್ಪೋಣ; ಡಿಸೆಂಬರ್ 1ರ ಟಿವಿ ಸಂದರ್ಶನದಲ್ಲಿ ಅವರಾಡಿದ ಬೈಗುಳ ಮರುದಿನದ ಪತ್ರಿಕೆಗಳ ಮುಖಪುಟಕ್ಕೇರಿತ್ತು, ಗೊಂದಲಕ್ಕೆ ಬಹುಶಃ ಅದೇ ಮೂಲ.