ಬೇಲಿಯ ಮೇಲಿನ ಗೌರಿ

ಮಲೆನಾಡಿನಲ್ಲಿ ಗೌರಿಹಬ್ಬ ಹತ್ತಿರ ಬಂತೆಂದು ತಿಳಿಯಲು ಪಂಚಾಂಗ ಬಿಚ್ಚಬೇಕಾಗಿಲ್ಲ. ಆಗುಂಬೆಯ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದರೆ ಸಾಕು. ರಸ್ತೆಯಂಚಿನ ಧರೆಯಲ್ಲಿ, ಹಳುವಿನ ನಡುವೆ, ಯಾರದೋ ಬೇಲಿಯ ನೆತ್ತಿಯಲ್ಲಿ ಗೌರಿ ಹೂ ಕಾಣಿಸಿಕೊಂಡಿರುತ್ತದೆ.

ಮಿಕ್ಕ ಹೂಗಳಂತೆ ನಾಚಿಕೊಳ್ಳುವ ಅಭ್ಯಾಸ ಇದಕ್ಕಿಲ್ಲ. ಗಾಳಿಮಳೆಗೆ ಕೊಡೆ ತಿರುಚಿಕೊಂಡಂತೆ ಆರೂ ಎಸಳುಗಳನ್ನು ಹಿಂದಕ್ಕೆ ಎತ್ತಿಬಿಡುತ್ತದೆ. ಅಂಚೆಲ್ಲ ಸುಕ್ಕುಸುಕ್ಕು. ಕೆಳಗೆ ಕೇಸರಗಳು ಸುತ್ತಲೂ ಚಾಚಿಕೊಂಡರೆ, ಹೂವಿನ ಹೆಣ್ಣುಭಾಗದ ಕಡ್ಡಿಯಾದ ಶಲಾಕೆ ಮಾತ್ರ ಬುಡದಲ್ಲೇ ಲಂಬಕೋನಕ್ಕೆ ಮುರಿದು ಪಕ್ಕಕ್ಕೆ ಹೊರಟುಬಿಡುತ್ತದೆ. ಹೊಸ ಹೂವಿನ ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಹಳದಿಯನ್ನು ನುಂಗುತ್ತದೆ. ಹೀಗಾಗಿ ಒಂದೇ ಬಳ್ಳಿಯಲ್ಲಿ ಹಸಿರು ಮೊಗ್ಗು, ಎರಡು ಬಣ್ಣದ ಹೂ, ಪೂರ್ತಿ ಕೆಂಪಾದ ಹೂ ಮೂರೂ ಒಟ್ಟಿಗೆ ಇರುತ್ತವೆ. ಹತ್ತುವುದಕ್ಕೆಂದು ಬೇರೆ ಕುಡಿ ಬೆಳೆಸುವ ಗೋಜೂ ಇಲ್ಲ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಲಂಟಾನದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

ಇಷ್ಟು ಚೆಲುವೆಯ ಮೈಯೆಲ್ಲ ವಿಷ. ಗಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಅದನ್ನು ತಿಂದು ಪ್ರಾಣ ಬಿಟ್ಟವರಿದ್ದಾರೆ. ಅದೇ ಕಾಲ್ಚಿಸಿನ್ ಅಳತೆಗೆ ಸಿಕ್ಕಾಗ ಕೀಲು ಊದಿಸುವ ಗೌಟ್ ನೋವಿಗೆ ಮದ್ದು. ಅದಕ್ಕಾಗಿಯೇ ತಮಿಳುನಾಡಿನ ರೈತರು ಹೊಲದಲ್ಲಿ ಚಪ್ಪರ ಹಾಕಿ ಬೀಜಕ್ಕಾಗಿ ಇದನ್ನು ಬೆಳೆಯುತ್ತಾರೆ. ಅಲ್ಲಿ ಅದು ರಾಜ್ಯಪುಷ್ಪ, ಜಿಂಬಾಬ್ವೆಯಲ್ಲಿ ರಾಷ್ಟ್ರಪುಷ್ಪ. ನಮ್ಮಲ್ಲಿ ಅಂಥ ಪದವಿ ಸಿಕ್ಕಿಲ್ಲ, ನೇರ ದೇವರ ಮುಂದೆ ಜಾಗ ಸಿಕ್ಕಿದೆ. ವಿಷದ ಬಳ್ಳಿಯ ಹೂವನ್ನು ಗೌರಿಗೆ ಏರಿಸುವುದೇ ಎಂದು ಯಾರೂ ಹಿಂಜರಿದದ್ದಿಲ್ಲ. ಹಾಲಾಹಲ ಕುಡಿದವನ ಮನೆಯಾಕೆಗೆ ಇದೇನು ಹೊಸದೇ?

ಮಳೆಗಾಲ ಮುಗಿದ ಮೇಲೆ ಕಾಯಿ ಬಿರಿದು ಕೆಂಪು ಬೀಜ ತೋರಿಸುತ್ತದೆ, ಬಳ್ಳಿ ಒಣಗುತ್ತದೆ. ಬೇಸಿಗೆಯಲ್ಲಿ ಅದೇ ಧರೆಯನ್ನು ನೋಡಿದರೆ ಬರೀ ಕೆಮ್ಮಣ್ಣು. ಒಳಗೆ ಕವಲೊಡೆದ ಗಡ್ಡೆ ಮಲಗಿರುತ್ತದೆ, ಮುಂಗಾರು ಬಿದ್ದ ಮೇಲೆಯೇ ಏಳುವುದು. ಗಡ್ಡೆ ಕುಂಡದಲ್ಲಿಟ್ಟು ಬೇಸಿಗೆಯಲ್ಲೂ ದಿನಾ ನೀರು ಹೊಯ್ಯುವವರು ಅದನ್ನು ಕೊಳೆಸುವುದೇ ಹೆಚ್ಚು.

ತಂತಿಬೇಲಿ ಬಂತೆಂದು ಗೌರಿ ಹೂವಿಗೆ ಮುನಿಸಿಲ್ಲ, ತಂತಿಯನ್ನೇ ಹಿಡಿದು ಏರುತ್ತದೆ. ಕಾಂಪೌಂಡ್ ಗೋಡೆಯದೇ ತೊಂದರೆ. ನುಣ್ಣನೆಯ ಸಿಮೆಂಟಿನಲ್ಲಿ ಆ ಎಲೆಯ ತುದಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮವರು ಮೊದಲು ಕಟ್ಟಿಸುವುದು ಅದನ್ನೇ.